ಆಸ್ಪತ್ರೆಯ ಲೆಕ್ಕ ರೋಗಿಯ ಕಡೆಯಿಂದ ನಡೆಯಲಿ

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಸ್ಮರಣೆಯ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಘೋಷಿಸಿದ ಈ ಆಚರಣೆ 1993ರಿಂದ ನಡೆದು ಬಂದಿದೆ. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ ಅರ್ಪಿತವಾಗುತ್ತದೆ. ಹಣ್ಣು, ಬ್ರೆಡ್ಡು ಹಿಡಿದು ಯುವಜನರು ವಾರ್ಡುಗಳಿಗೆ ಹೋಗಿ ಬರುತ್ತಾರೆ. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ರೋಗಿಯ ತಲೆದೆಸೆಯಲ್ಲಿ ಹಣ್ಣಿಟ್ಟು ಬಂದ ನಾವು, ಆ ಹಾಸಿಗೆ ಆತನಿಗೆ ಎಷ್ಟು ಕಾದ ಮೇಲೆ ದೊರಕಿತು, ಚಿಕಿತ್ಸೆ ಸಕಾಲದಲ್ಲಿ ನಡೆಯಿತೇ, ಮನೆಗೆ ಮರಳಿದ ಮೇಲೆ ಆತನ ಸ್ಥಿತಿ ಏನಾಯಿತು ಎಂಬ ಪ್ರಶ್ನೆಗಳನ್ನು ಎಂದಾದರೂ ಕೇಳಿದ್ದುಂಟೇ?

ಈ ಪ್ರಶ್ನೆಗಳಿಗೆ ಒಂದು ಶುಷ್ಕವಾದ ಹೆಸರಿದೆ. ಆರೋಗ್ಯ ಸೇವೆಯ ಉತ್ಪಾದಕತೆ ಮತ್ತು ದಕ್ಷತೆಯ ಮಾಪನ ಎಂದು ಆಡಳಿತ ತಜ್ಞರು ಇದನ್ನು ಕರೆಯುತ್ತಾರೆ. ಹೆಸರು ಕೇಳಿದೊಡನೆ ನಮ್ಮಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಸೇವೆ ಎಂಬುದು ಕಾರ್ಖಾನೆಯ ಸರಕಲ್ಲ, ಅದನ್ನು ಅಳೆಯಲಾಗದು, ಅಳೆಯಲೂಬಾರದು ಎಂಬುದು ಒಂದು ಮಾತು. ಎಷ್ಟು ರೋಗಿಗಳನ್ನು ನೋಡಿದಿರಿ, ಎಷ್ಟು ಹಣ ಬಂತು, ಅಷ್ಟು ಹೇಳಿದರೆ ಸಾಕು ಎಂಬುದು ಇನ್ನೊಂದು. ಈ ಎರಡನ್ನೂ ನಾವು ಒಪ್ಪುವುದಿಲ್ಲ. ಅಳತೆ ಬೇಕು, ಅಳತೆಯಿಲ್ಲದ ಕರುಣೆ ಎಷ್ಟೋ ಬಾರಿ ಕುರುಡಾಗಿರುತ್ತದೆ. ಆದರೆ ಆ ಅಳತೆ ಆಸ್ಪತ್ರೆಯ ಕಚೇರಿಯ ಮೇಜಿನಿಂದಲ್ಲ, ರೋಗಿಯ ಕಡೆಯಿಂದ ಆರಂಭವಾಗಬೇಕು ಎಂಬುದು ನಮ್ಮ ನಿಲುವು.

ಮೈಸೂರು ಹೊತ್ತಿರುವ ಹೊರೆ

ಈ ವಿಷಯ ನಮ್ಮ ನಗರಕ್ಕೆ ಹೊರಗಿನದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆ, ತಾಯಿ ಮಕ್ಕಳ ಚೆಲುವಾಂಬ ಆಸ್ಪತ್ರೆ, ಕ್ಷಯರೋಗಿಗಳ ಪಿ.ಕೆ.ಟಿ.ಬಿ. ಆಸ್ಪತ್ರೆಗಳು ತಲೆಮಾರುಗಳಿಂದ ಬಡವರ ಆಸರೆಯಾಗಿವೆ. ಮಿಷನ್ ಆಸ್ಪತ್ರೆ ಎಂದೇ ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಬನ್ನಿಮಂಟಪದ ಸಂತ ಜೋಸೆಫರ ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇತ್ತೀಚಿನ ದಶಕಗಳಲ್ಲಿ ತಲೆಯೆತ್ತಿದ ಖಾಸಗಿ ಆಸ್ಪತ್ರೆಗಳು, ಇವೆಲ್ಲ ಸೇರಿ ಮೈಸೂರನ್ನು ದಕ್ಷಿಣ ಕರ್ನಾಟಕದ ಚಿಕಿತ್ಸಾ ಕೇಂದ್ರವನ್ನಾಗಿ ಮಾಡಿವೆ.

ಇಲ್ಲಿಗೆ ಬರುವವರು ಕೇವಲ ಮೈಸೂರಿಗರಲ್ಲ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಜನ ಇಲ್ಲಿಗೇ ಬರುತ್ತಾರೆ. ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳವರೂ ಇದೇ ಬಾಗಿಲು ತಟ್ಟುತ್ತಾರೆ. 2006ರಲ್ಲಿ ಮಂಡ್ಯದಲ್ಲಿ, 2016ರಲ್ಲಿ ಚಾಮರಾಜನಗರ ಮತ್ತು ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಈ ಹೊಸ ಸಂಸ್ಥೆಗಳು ದಕ್ಷವಾಗಿ ನಡೆಯುತ್ತಿವೆಯೇ ಎಂದು ತಿಳಿಯಲು ಅಲ್ಲಿನ ಕಟ್ಟಡದ ಅಂತಸ್ತುಗಳನ್ನು ಎಣಿಸಬೇಕಿಲ್ಲ. ಆ ಜಿಲ್ಲೆಗಳಿಂದ ಮೈಸೂರಿನ ದಾರಿ ಹಿಡಿಯುವ ಆಂಬುಲೆನ್ಸುಗಳ ಸಂಖ್ಯೆ ಇಳಿಯಿತೇ ಎಂದು ನೋಡಿದರೆ ಸಾಕು. ಪ್ರಾದೇಶಿಕ ಆರೋಗ್ಯ ವ್ಯವಸ್ಥೆಯ ನಿಜವಾದ ಅಳತೆ ಅಂಥದ್ದು. ಒಂದು ಊರಿನ ಆಸ್ಪತ್ರೆ ಸೋತಾಗ ಅದರ ಹೊರೆ ಮತ್ತೊಂದು ಊರಿನ ಆಸ್ಪತ್ರೆಯ ಕಡತದಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗಿರುವಾಗ ಪ್ರತಿ ಆಸ್ಪತ್ರೆಯನ್ನೂ ಬೇರೆ ಬೇರೆಯಾಗಿ ತೂಗಿ ಇದು ದಕ್ಷ, ಇದು ಅದಕ್ಷ ಎಂದು ತೀರ್ಪು ಕೊಡುವುದು ನ್ಯಾಯವಲ್ಲ.

ಹಾಸಿಗೆಯ ಗಣಿತ

ಆಸ್ಪತ್ರೆಯ ಕೆಲಸವನ್ನು ಅಳೆಯಲು ಆಡಳಿತಗಾರರು ಸಾಮಾನ್ಯವಾಗಿ ಮೂರು ಅಂಕಿಗಳನ್ನು ಬಳಸುತ್ತಾರೆ. ಒಟ್ಟು ಹಾಸಿಗೆಗಳಲ್ಲಿ ದಿನಕ್ಕೆ ಸರಾಸರಿ ಎಷ್ಟು ತುಂಬಿರುತ್ತವೆ ಎಂಬುದು ಮೊದಲನೆಯದು. ಒಬ್ಬ ರೋಗಿ ಸರಾಸರಿ ಎಷ್ಟು ದಿನ ಉಳಿಯುತ್ತಾನೆ ಎಂಬುದು ಎರಡನೆಯದು. ಒಂದು ಹಾಸಿಗೆ ವರ್ಷದಲ್ಲಿ ಎಷ್ಟು ರೋಗಿಗಳಿಗೆ ಒದಗುತ್ತದೆ ಎಂಬುದು ಮೂರನೆಯದು. ಕೊಲಂಬಿಯಾ ದೇಶದ ಪಾಬೋನ್ ಲಾಸ್ಸೋ ಎಂಬ ತಜ್ಞರು 1986ರಲ್ಲಿ ಈ ಮೂರನ್ನೂ ಒಂದೇ ನಕ್ಷೆಯಲ್ಲಿ ಇರಿಸಿ ಆಸ್ಪತ್ರೆಗಳನ್ನು ಹೋಲಿಸುವ ಕ್ರಮವನ್ನು ತೋರಿಸಿಕೊಟ್ಟರು. ನಮ್ಮ ನೀತಿ ಆಯೋಗವು ಜಿಲ್ಲಾ ಆಸ್ಪತ್ರೆಗಳ ಕುರಿತು 2021ರಲ್ಲಿ ಹೊರತಂದ ವರದಿಯಲ್ಲಿಯೂ ಹಾಸಿಗೆಗಳ ಲೆಕ್ಕಕ್ಕೆ ಪ್ರಮುಖ ಸ್ಥಾನವಿದೆ. ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ರತಿ 1 ಲಕ್ಷ ಜನರಿಗೆ ಸರಾಸರಿ 24 ಹಾಸಿಗೆಗಳಿದ್ದವೆಂದೂ, ಪುದುಚೇರಿಯಲ್ಲಿ ಈ ಸಂಖ್ಯೆ 222 ಆಗಿದ್ದರೆ ಬಿಹಾರದಲ್ಲಿ ಕೇವಲ 6 ಎಂದೂ ಆ ವರದಿ ತಿಳಿಸಿತು.

ಈ ಗಣಿತದಲ್ಲಿ ಕರುಣೆಗೂ ಪಾಲಿದೆ ಎಂಬುದನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. 100 ಹಾಸಿಗೆಗಳ ಒಂದು ಆಸ್ಪತ್ರೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ದಿನವೂ ಸರಾಸರಿ 80 ಹಾಸಿಗೆಗಳು ತುಂಬಿರುತ್ತವೆ. ಪ್ರತಿ ರೋಗಿ 8 ದಿನ ಉಳಿಯುತ್ತಾನೆ. ಆಗ ವರ್ಷಕ್ಕೆ 3,650 ರೋಗಿಗಳಿಗೆ ಆ ಆಸ್ಪತ್ರೆ ಒದಗುತ್ತದೆ. ಶಸ್ತ್ರಚಿಕಿತ್ಸೆಗೆ ದಾಖಲಾದವನು ರಕ್ತಪರೀಕ್ಷೆಯ ವರದಿಗಾಗಿ ಒಂದು ದಿನ, ಅರಿವಳಿಕೆ ತಜ್ಞರಿಗಾಗಿ ಇನ್ನೊಂದು ದಿನ ಸುಮ್ಮನೆ ಮಲಗಿ ಕಾಯುವುದನ್ನು ತಪ್ಪಿಸಿದರೆ ಉಳಿಯುವ ದಿನ 6ಕ್ಕೆ ಇಳಿಯುತ್ತದೆ. ಆಗ ಅದೇ ಹಾಸಿಗೆ, ಅದೇ ದಾದಿಯರು, ಅದೇ ಕಟ್ಟಡದಲ್ಲಿ 4,800ಕ್ಕೂ ಹೆಚ್ಚು ಮಂದಿ ಚಿಕಿತ್ಸೆ ಪಡೆಯುತ್ತಾರೆ. ಅಂದರೆ ಒಂದು ಹಾಸಿಗೆಯನ್ನೂ ಹೊಸದಾಗಿ ಕೊಳ್ಳದೆ ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಬಾಗಿಲು ತೆರೆದಂತಾಯಿತು. ಇದನ್ನು ವ್ಯಾಪಾರ ಬುದ್ಧಿ ಎಂದು ಹಳಿಯುವುದು ಸರಿಯಲ್ಲ.

ದಕ್ಷತೆಯು ಬಡವರ ಪಾಲಿಗೆ ವರವಾದ ಉದಾಹರಣೆಗಳು ನಮ್ಮ ಕಣ್ಮುಂದೆಯೇ ಇವೆ. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ನೇತ್ರ ಶಿಬಿರಗಳನ್ನು ನಡೆಸಿ ದಿನವೊಂದಕ್ಕೆ ನೂರಾರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಎಂ. ಸಿ. ಮೋದಿಯವರನ್ನು ನಾಡು ಮರೆಯಲಾರದು. 1976ರಲ್ಲಿ ಮಧುರೈನಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ಈ ಕ್ರಮವನ್ನು ಶಾಸ್ತ್ರೀಯವಾಗಿ ಬೆಳೆಸಿತು. ವೈದ್ಯರ ಇಕ್ಕೆಲದಲ್ಲಿ ಎರಡು ಮೇಜುಗಳು. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಇನ್ನೊಂದರ ಮೇಲೆ ಮುಂದಿನ ರೋಗಿ ಸಿದ್ಧ. ಉಳಿದೆಲ್ಲ ಕೆಲಸಕ್ಕೂ ತರಬೇತಿ ಪಡೆದ ಹಳ್ಳಿಯ ಹೆಣ್ಣುಮಕ್ಕಳು. ಹೀಗೆ ಉಳಿಸಿದ ಸಮಯ ಮತ್ತು ಹಣದಿಂದ, ಶುಲ್ಕ ಕೊಡಬಲ್ಲವರ ಜೊತೆಯಲ್ಲೇ ಕೊಡಲಾಗದವರಿಗೂ ದೃಷ್ಟಿ ಮರಳಿ ಬಂತು. ಉಳಿತಾಯದ ಲಾಭ ಯಾರಿಗೆ ತಲುಪಿತು ಎಂಬುದರಲ್ಲಿಯೇ ಆ ದಕ್ಷತೆಯ ಬೆಲೆಯಿದೆ.

ಅಂಕಿಗಳು ದಾರಿ ತಪ್ಪಿಸುವ ಬಗೆ

ಆದರೆ ಇದೇ ಅಂಕಿಗಳು ದಾರಿ ತಪ್ಪಿಸಲೂಬಲ್ಲವು. ಗಾಯ ಮಾಯುವ ಮುನ್ನವೇ ರೋಗಿಯನ್ನು ಮನೆಗೆ ಕಳುಹಿಸಿದರೂ ಉಳಿಯುವ ದಿನ ಕಡಿಮೆಯಾಗುತ್ತದೆ. ಆತ ಕೀವು ತುಂಬಿದ ಗಾಯದೊಂದಿಗೆ ಮತ್ತೆ ಬಂದರೆ, ಹೊಸ ರೋಗಿಯೆಂದು ದಾಖಲಾಗಿ ಆಸ್ಪತ್ರೆಯ ಉತ್ಪಾದಕತೆಯನ್ನು ಇನ್ನಷ್ಟು ಹೆಚ್ಚಿಸುತ್ತಾನೆ! ಸಾಯುವ ಸ್ಥಿತಿಯಲ್ಲಿರುವವರನ್ನು ಬೇರೆ ಕಡೆಗೆ ರೆಫರ್ ಮಾಡಿ ಕಳುಹಿಸುವ ಆಸ್ಪತ್ರೆಯಲ್ಲಿ ಸಾವಿನ ಪ್ರಮಾಣ ಕಡಿಮೆಯಿರುತ್ತದೆ. ಎಲ್ಲರೂ ಕೈಬಿಟ್ಟವರನ್ನು ಒಳಗೆ ಕರೆದುಕೊಳ್ಳುವ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಹೆಚ್ಚಿರುತ್ತದೆ. ಯಾರು ಹೆಚ್ಚು ದಕ್ಷರು?

ಆಸ್ಪತ್ರೆಗಳ ಅಂಕಿಅಂಶಕ್ಕೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲರೂ ಈ ವಿಷಯದಲ್ಲಿ ವಿವಾದಕ್ಕೆ ಸಿಲುಕಿದರು. ಅಂಕಿತಜ್ಞ ವಿಲಿಯಂ ಫಾರ್ ಅವರ ಲೆಕ್ಕವನ್ನು ನೆಚ್ಚಿ, 1863ರ ತಮ್ಮ ಗ್ರಂಥದಲ್ಲಿ ಅವರು ಲಂಡನ್ನಿನ ಆಸ್ಪತ್ರೆಗಳ ಮರಣ ಪ್ರಮಾಣ ಶೇಕಡಾ 90ಕ್ಕೂ ಹೆಚ್ಚು ಎಂದು ತೋರಿಸಿದರು. ವರ್ಷವಿಡೀ ಸತ್ತವರ ಸಂಖ್ಯೆಯನ್ನು ಯಾವುದೋ ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರಿಂದ ಆ ಭಯಂಕರ ಅಂಕಿ ಹುಟ್ಟಿತ್ತು. ಅಂದಿನ ವೈದ್ಯರು ಅದನ್ನು ತೀವ್ರವಾಗಿ ಆಕ್ಷೇಪಿಸಿದರು. ಸದುದ್ದೇಶವೊಂದೇ ಲೆಕ್ಕವನ್ನು ಸರಿಮಾಡದು ಎಂಬುದಕ್ಕೆ ಇದು ಹಳೆಯ ಸಾಕ್ಷಿ.

ನಮ್ಮದೇ ರಾಜ್ಯದ ಸಾಕ್ಷಿ ಇದಕ್ಕಿಂತ ಮನಕಲಕುವಂಥದ್ದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಹುಡುಕಿ ಮಾತನಾಡಿಸಿ, ತಮ್ಮ ಅಧ್ಯಯನವನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಗರು ಅಜ್ಞಾನಿಗಳು, ರೋಗವನ್ನು ನಿರ್ಲಕ್ಷಿಸುತ್ತಾರೆ ಎಂಬುದು ಅಂದಿನ ಸಾಮಾನ್ಯ ನಂಬಿಕೆಯಾಗಿತ್ತು. ಅಧ್ಯಯನದಲ್ಲಿ ಕಂಡದ್ದೇ ಬೇರೆ. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಯಾವುದಾದರೊಂದು ಆಸ್ಪತ್ರೆಗೋ ಡಿಸ್ಪೆನ್ಸರಿಗೋ ಹೋಗಿ ಬಂದಿದ್ದರು. ಅಲ್ಲಿ ಕಫ ಪರೀಕ್ಷೆಯಿಲ್ಲದೆ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಮರಳಿದ್ದರು.

ಆ ದಿನದ ಹೊರರೋಗಿ ಪುಸ್ತಕವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಆ ರೋಗಿಯ ಹೆಸರಿದೆ, ಕೊಟ್ಟ ಔಷಧಿ ಬರೆದಿದೆ, ತಿಂಗಳ ಕೊನೆಯಲ್ಲಿ ನೋಡಿದ ರೋಗಿಗಳ ಮೊತ್ತದಲ್ಲಿ ಆತನೂ ಸೇರಿದ್ದಾನೆ. ಪುಸ್ತಕದ ಪ್ರಕಾರ ಆ ಡಿಸ್ಪೆನ್ಸರಿ ಚೆನ್ನಾಗಿ ಕೆಲಸ ಮಾಡಿದೆ. ರೋಗ ಮಾತ್ರ ಆತನ ಎದೆಯಲ್ಲಿಯೇ ಉಳಿದು, ಮನೆಯ ಮಕ್ಕಳಿಗೂ ಹರಡುತ್ತಿದೆ. ಒಬ್ಬ ವೈದ್ಯರು ಒಂದು ಬೆಳಗಿನಲ್ಲಿ ಎಷ್ಟು ಚೀಟಿ ನೋಡಿದರು ಎಂಬ ಲೆಕ್ಕವನ್ನು ಇಂದಿಗೂ ಉತ್ಪಾದಕತೆಯೆಂದು ಮೆಚ್ಚುವವರು ಈ ತುಮಕೂರಿನ ಪಾಠವನ್ನು ನೆನೆಯಬೇಕು. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು, ಕೆಮ್ಮುತ್ತಾ ಬಂದವನಿಗೆ ಬಂದ ಆಸ್ಪತ್ರೆಯಲ್ಲಿಯೇ ಕಫ ಪರೀಕ್ಷೆ ಆಗಬೇಕೆಂಬ ತತ್ತ್ವವನ್ನು ಹಿಡಿದದ್ದು ಇಂಥ ಅರಿವಿನಿಂದಲೇ.

ಗುರಿಯ ಸಂಖ್ಯೆಯನ್ನೇ ದೇವರೆಂದು ಪೂಜಿಸಿದರೆ ಏನಾಗುತ್ತದೆ ಎಂಬುದಕ್ಕೆ ಕುಟುಂಬ ಯೋಜನೆಯ ಇತಿಹಾಸ ಸಾಕು. ದಶಕಗಳ ಕಾಲ ಶಸ್ತ್ರಚಿಕಿತ್ಸೆಗಳ ಗುರಿಯನ್ನು ದೆಹಲಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಆರೋಗ್ಯ ಸಹಾಯಕಿಯ ತಲೆಯ ಮೇಲೆ ಹೊರಿಸಲಾಯಿತು. ತುರ್ತುಪರಿಸ್ಥಿತಿಯಲ್ಲಿ ಅದು ಬಲಾತ್ಕಾರದ ಮಟ್ಟಕ್ಕೆ ಹೋಯಿತು. ಮಾರ್ಚ್ ತಿಂಗಳು ಬಂದಿತೆಂದರೆ ಬಾಣಂತಿಯ ಆರೈಕೆ, ಮಕ್ಕಳ ಚುಚ್ಚುಮದ್ದುಗಳೆಲ್ಲ ಹಿಂದೆ ಸರಿದು ಗುರಿ ತುಂಬುವ ಓಟವೇ ಮುಂದಾಗುತ್ತಿತ್ತು. ಕೊನೆಗೆ 1996ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರವೇ ಆ ಗುರಿಗಳನ್ನು ಕೈಬಿಟ್ಟಿತು. ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ವಾಚಕರಿಗೆ ತಿಳಿದದ್ದೇ. ಆ ಬೋಧನೆಯನ್ನು ಒಪ್ಪದವರೂ ಒಪ್ಪಬೇಕಾದ ಮಾತೊಂದಿದೆ: ಮನುಷ್ಯರನ್ನು ಗುರಿಯ ಅಂಕಿಗಳನ್ನಾಗಿ ಮಾಡಿದ ಯಾವ ವ್ಯವಸ್ಥೆಯೂ ಅವರ ಆರೋಗ್ಯವನ್ನು ಕಾಪಾಡಲಾರದು.

ಇಂದಿನ ಸಂದರ್ಭಕ್ಕೆ ಬರೋಣ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 14.3 ಸಿಸೇರಿಯನ್ ಆಗಿದ್ದರೆ, ಖಾಸಗಿ ಆಸ್ಪತ್ರೆಗಳಲ್ಲಿ ಅದು ಶೇಕಡಾ 47.4. ಕರ್ನಾಟಕದ ಒಟ್ಟು ಪ್ರಮಾಣ ಶೇಕಡಾ 31.5. ತಾಯಿ ಮಗುವಿನ ಪ್ರಾಣ ಉಳಿಸುವ ಈ ಶಸ್ತ್ರಚಿಕಿತ್ಸೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಸಹಜ ಹೆರಿಗೆಗೆ ರಾತ್ರಿಯಿಡೀ ಕಾಯಬೇಕು; ಸಿಸೇರಿಯನ್‌ಗೆ ಗಂಟೆಯನ್ನು ಮೊದಲೇ ಗೊತ್ತುಪಡಿಸಬಹುದು, ಶುಲ್ಕವೂ ಹೆಚ್ಚು. ಗಂಟೆಗೆ ಎಷ್ಟು ಕೆಲಸ, ಕೆಲಸಕ್ಕೆ ಎಷ್ಟು ಆದಾಯ ಎಂದಷ್ಟೇ ಅಳೆಯುವ ತಕ್ಕಡಿಯಲ್ಲಿ ತಾಳ್ಮೆಯಿಂದ ಕಾದ ವೈದ್ಯೆ ಹಗುರವಾಗುತ್ತಾರೆ. ಇಂಥ ತಕ್ಕಡಿಯನ್ನು ಬದಲಾಯಿಸದೆ ವೈದ್ಯರನ್ನು ಮಾತ್ರ ದೂಷಿಸುವುದರಿಂದ ಪ್ರಯೋಜನವಿಲ್ಲ.

ಇನ್ನು, ಮೈಸೂರಿನ ನೆರೆಯಲ್ಲೇ ನಡೆದ ದುರಂತವನ್ನು ಹೇಗೆ ಮರೆಯುವುದು? 2021ರ ಮೇ 2 ಮತ್ತು 3ರ ನಡುವೆ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ಮೃತಪಟ್ಟರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಮೊದಲಿಗೆ ಹೇಳಲಾಯಿತು. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯು ಆ ಮಾತನ್ನು ಒಪ್ಪಲಿಲ್ಲ. ಹಾಸಿಗೆಗಳು ಎಷ್ಟಿವೆ, ಎಷ್ಟು ಖಾಲಿಯಿವೆ ಎಂಬ ಅಂಕಿಗಳನ್ನು ನಾವೆಲ್ಲರೂ ಆ ದಿನಗಳಲ್ಲಿ ಹೊತ್ತುಹೊತ್ತಿಗೆ ನೋಡುತ್ತಿದ್ದೆವು. ಹಾಸಿಗೆಯ ಪಕ್ಕದ ಕೊಳವೆಯಲ್ಲಿ ಉಸಿರು ಇನ್ನೆಷ್ಟು ಗಂಟೆಗೆ ಸಾಕು ಎಂಬ ಒಂದು ಅಂಕಿಯೇ ಅಂದು ಬೇಕಾಗಿದ್ದ ಅಂಕಿ. ಅಳೆಯುವುದು ಸುಲಭವಾದದ್ದನ್ನು ಅಳೆದು, ಅಳೆಯಬೇಕಾದದ್ದನ್ನು ಬಿಟ್ಟರೆ ಅದರ ಬೆಲೆ ತೆರುವವರು ಯಾರೆಂದು ಆ 24 ಮನೆಗಳವರು ಬಲ್ಲರು.

ಎಣಿಸಬೇಕಾದದ್ದು ಯಾವುದು?

ಹಾಗಾದರೆ ಸರಿಯಾದ ಅಳತೆ ಯಾವುದು ಎಂದು ವಾಚಕರು ಕೇಳಬಹುದು. ಅವೆಡಿಸ್ ದೊನಾಬೇದಿಯನ್ ಎಂಬ ವೈದ್ಯ ವಿದ್ವಾಂಸರು 1966ರಲ್ಲಿ ಆರೋಗ್ಯ ಸೇವೆಯನ್ನು ಮೂರು ನೆಲೆಗಳಲ್ಲಿ ನೋಡಬೇಕೆಂದರು. ಏನೇನಿದೆ, ಏನು ಮಾಡಲಾಯಿತು, ಅದರಿಂದ ರೋಗಿಗೆ ಏನಾಯಿತು ಎಂಬುವೇ ಆ ಮೂರು. ನಮ್ಮ ಬಹುಪಾಲು ವರದಿಗಳು ಮೊದಲೆರಡರಲ್ಲಿ ನಿಂತುಬಿಡುತ್ತವೆ. ಇಡೀ ಜೀವನವನ್ನು ಅಳತೆಯ ಶಾಸ್ತ್ರಕ್ಕೆ ಮುಡಿಪಾಗಿಟ್ಟ ಅದೇ ವಿದ್ವಾಂಸರು ತಮ್ಮ ಕೊನೆಯ ದಿನಗಳಲ್ಲಿ, ಸೇವೆಯ ಗುಣಮಟ್ಟದ ಗುಟ್ಟು ಅಂತಿಮವಾಗಿ ಪ್ರೀತಿಯಲ್ಲಿದೆ ಎಂಬರ್ಥದ ಮಾತನ್ನಾಡಿದರು. ಪ್ರೀತಿಯಿದ್ದವನು ಮಾತ್ರ ಮೂರನೆಯ ಪ್ರಶ್ನೆಯನ್ನು ಕೇಳುವ ತೊಂದರೆ ತೆಗೆದುಕೊಳ್ಳುತ್ತಾನೆ.

ಆ ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ಕ್ರಮ ನಮ್ಮ ದೇಶದಲ್ಲಿ ಆಗಲೇ ಇದೆ. 1997ರಿಂದ ವಿಸ್ತರಿಸಿದ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿ ಚಿಕಿತ್ಸೆಗೆ ಸೇರಿದ ಪ್ರತಿಯೊಬ್ಬನ ಹೆಸರಿನ ಮುಂದೆಯೂ ಕೊನೆಗೆ ಏನಾಯಿತೆಂದು ಬರೆಯಲೇಬೇಕು. ಗುಣವಾದನೇ, ಮರಣ ಹೊಂದಿದನೇ, ಚಿಕಿತ್ಸೆ ವಿಫಲವಾಯಿತೇ, ನಡುವೆ ಬಿಟ್ಟನೇ, ಬೇರೆಡೆಗೆ ಹೋದನೇ ಎಂಬ ಕಾಲಂ ಖಾಲಿ ಉಳಿಯುವಂತಿಲ್ಲ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತೆಂದು ತಿಳಿಯಬೇಕಾದರೆ ಕುರುಬನು ಸಂಜೆ ಎಣಿಸಿರಲೇಬೇಕಲ್ಲವೇ? ಶುಭಸಂದೇಶದ ಆ ಸಾಮತಿಯಲ್ಲಿ ಕುರುಬನ ಪ್ರೀತಿಯನ್ನು ನಾವು ಕೊಂಡಾಡುತ್ತೇವೆ. ಆತನ ಲೆಕ್ಕವನ್ನು ಗಮನಿಸುವುದಿಲ್ಲ. ತೊಂಬತ್ತೊಂಬತ್ತು ಇವೆ, ಶೇಕಡಾ 99ರ ಸಾಧನೆ ಎಂದು ಆತ ವರದಿ ಬರೆದು ಮಲಗಲಿಲ್ಲ.

ತಾಯಂದಿರ ಮರಣದ ಲೆಕ್ಕವೂ ಇಂಥದ್ದೇ. ಕರ್ನಾಟಕದಲ್ಲಿ 2001–03ರ ಅವಧಿಯಲ್ಲಿ ಪ್ರತಿ 1 ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಅದು 69ಕ್ಕೆ ಇಳಿಯಿತು. ಇದು ಹೆಮ್ಮೆಯ ಸಂಗತಿ; ಇದರ ಹಿಂದೆ ಸಾವಿರಾರು ದಾದಿಯರ, ಆಶಾ ಕಾರ್ಯಕರ್ತೆಯರ ದುಡಿಮೆಯಿದೆ. ಆದರೆ ಅದೇ ಅವಧಿಯಲ್ಲಿ ನೆರೆಯ ಕೇರಳದಲ್ಲಿ ಈ ಸಂಖ್ಯೆ 19 ಇತ್ತು. ನಮ್ಮಲ್ಲಿ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ಅದೇ ಐದನೆಯ ಸಮೀಕ್ಷೆ ಹೇಳಿದೆ. ತಾಯಿ ಆಸ್ಪತ್ರೆಯ ಬಾಗಿಲವರೆಗೆ ಬಂದಿದ್ದಾಳೆ. ಬಂದ ಮೇಲೂ ಪ್ರಾಣ ಹೋಗುವುದಾದರೆ ಕೊರತೆ ಬಾಗಿಲಿನ ಒಳಗಿದೆ, ಇಲ್ಲವೇ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುವ ದಾರಿಯಲ್ಲಿದೆ. ಪ್ರತಿ ಸಾವನ್ನೂ ಕುಳಿತು ಪರಿಶೀಲಿಸದೆ ಅದು ತಿಳಿಯುವುದಿಲ್ಲ.

ಎಣಿಸದೇ ಬಿಟ್ಟ ಇನ್ನೊಂದು ವಸ್ತುವೆಂದರೆ ರೋಗಿಯ ಸಮಯ. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಯೊಂದರಿಂದ ಮೈಸೂರಿಗೆ ಬಂದ ಕೂಲಿಕಾರನು ಚೀಟಿಗೆ ಒಂದು ಸಾಲು, ವೈದ್ಯರಿಗೆ ಒಂದು ಸಾಲು, ರಕ್ತಪರೀಕ್ಷೆಗೆ ಒಂದು ಸಾಲು ನಿಂತು, ವರದಿ ನಾಳೆ ಬರುತ್ತದೆಂದು ತಿಳಿದು ಹೊರಗಿನ ಜಗುಲಿಯಲ್ಲಿ ಮಲಗುತ್ತಾನೆ. ಅವನ ಜೊತೆಗೆ ಬಂದ ಹೆಂಡತಿಯ ಕೂಲಿಯೂ ಹೋಯಿತು. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಅವಳ ಬಸ್ ಚಾರ್ಜು ಉಳಿದಿರಬಹುದು, ಕೂಲಿ ಉಳಿಯದು. ಆಸ್ಪತ್ರೆಯ ಲೆಕ್ಕದಲ್ಲಿ ಈತನ ಚಿಕಿತ್ಸೆಗೆ ಆದ ಖರ್ಚು ಅತ್ಯಲ್ಪ. ಸಂಸ್ಥೆ ಬಹು ದಕ್ಷ. ಆ ಕುಟುಂಬದ ಲೆಕ್ಕದಲ್ಲಿ ಒಂದು ವಾರದ ಅನ್ನ ಹೋಗಿದೆ. ಮುಂದಿನ ಬಾರಿ ಬರಹೇಳಿದ ದಿನ ಆತ ಬಾರದಿದ್ದರೆ, ರೋಗಿಯ ನಿರ್ಲಕ್ಷ್ಯ ಎಂದು ಚೀಟಿಯ ಮೇಲೆ ಬರೆಯುತ್ತೇವೆ. ವೈದ್ಯರ ಒಂದು ಗಂಟೆಯನ್ನು ಉಳಿಸಲು ನೂರು ರೋಗಿಗಳ ಒಂದು ದಿನವನ್ನು ಖರ್ಚು ಮಾಡುವುದನ್ನು ದಕ್ಷತೆ ಎನ್ನಲಾಗದು.

ಈ ಮಾತನ್ನು ಅರಿತು ರೋಗಿಯ ಕಡೆಗೇ ನಡೆದವರು ನಮ್ಮ ಭಾಗದಲ್ಲಿದ್ದಾರೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರು 1986ರಲ್ಲಿ ಆರಂಭಿಸಿದ ಕರುಣಾ ಟ್ರಸ್ಟ್, ಯಳಂದೂರು ತಾಲ್ಲೂಕಿನ ಕುಷ್ಠರೋಗದ ವಿರುದ್ಧ ಹೋರಾಡಿ, 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡಿತು. ಮನೆಮನೆಗೆ ಹೋಗಿ ರೋಗ ಹುಡುಕುವ ಕೇಂದ್ರದಲ್ಲಿ ಮೊದಲ ವರ್ಷ ರೋಗಿಗಳ ಸಂಖ್ಯೆ ಏರುತ್ತದೆ. ಹುಡುಕದೆ ಕುಳಿತ ಕೇಂದ್ರದಲ್ಲಿ ಇಳಿದಂತೆ ಕಾಣುತ್ತದೆ. ಇದನ್ನು ಅರಿಯದ ಮೇಲಧಿಕಾರಿಯು ದುಡಿದವರನ್ನು ಗದರಿಸಿ ಮಲಗಿದವರನ್ನು ಸನ್ಮಾನಿಸುವ ಅಪಾಯವಿದೆ.

ರೋಗವೇ ಬಾರದಂತೆ ತಡೆದ ಕೆಲಸವಂತೂ ಯಾವ ಆಸ್ಪತ್ರೆಯ ಪುಸ್ತಕಕ್ಕೂ ಏರುವುದಿಲ್ಲ. 1890ರ ದಶಕದ ಕೊನೆಯಲ್ಲಿ ಪ್ಲೇಗ್ ಮಾರಿ ಮೈಸೂರನ್ನು ಹೊಕ್ಕಾಗ ಜನ ಊರು ಬಿಟ್ಟು ಓಡಿದರು. ಅದರ ಪಾಠ ಕಲಿತ ಸಂಸ್ಥಾನವು 1903ರಲ್ಲಿ ನಗರಾಭಿವೃದ್ಧಿ ಮಂಡಲಿಯನ್ನು ರಚಿಸಿತು. ಅಗಲವಾದ ರಸ್ತೆ, ಗಾಳಿ ಬೆಳಕಿನ ಬಡಾವಣೆ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳು ಬಂದವು. ಇಂದು ನಾವು ಮೂಗು ಮುಚ್ಚಿಕೊಂಡು ದಾಟುವ ಆ ಗಲ್ಲಿಗಳು ಎಷ್ಟು ಜೀವ ಉಳಿಸಿದವೋ ಲೆಕ್ಕವಿಟ್ಟವರಿಲ್ಲ.

ನಮ್ಮ ಸಂಸ್ಥೆಗಳ ಹೊಣೆ

ಸರ್ಕಾರಕ್ಕೆ ಹೇಳಿದ ಮಾತನ್ನು ನಮಗೂ ಹೇಳಿಕೊಳ್ಳಬೇಕಾಗಿದೆ. ಆರೋಗ್ಯ ಸೇವೆಯಲ್ಲಿ ಕಥೋಲಿಕರ ಪರಂಪರೆ ದೊಡ್ಡದು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅವರು ಮರದ ಕೆಳಗೆ ಔಷಧಿ ಕೊಡಲು ತೊಡಗಿದ್ದು, ವೈದ್ಯೆಯೂ ಧರ್ಮಭಗಿನಿಯೂ ಆಗಿದ್ದ ಮೇರಿ ಗ್ಲೌರಿಯವರ ಮುಂದಾಳುತನದಲ್ಲಿ 1943ರಲ್ಲಿ ಭಾರತದ ಕಥೋಲಿಕ ಆರೋಗ್ಯ ಸಂಘ ಹುಟ್ಟಿದ್ದು, 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾದದ್ದು ಎಲ್ಲವೂ ಸ್ಮರಣೀಯ. ಆದರೆ ಪರಂಪರೆಯ ಸ್ಮರಣೆ ಇಂದಿನ ಲೆಕ್ಕಕ್ಕೆ ಬದಲಿಯಲ್ಲ. ನಮ್ಮ ಆಸ್ಪತ್ರೆಗಳ, ಡಿಸ್ಪೆನ್ಸರಿಗಳ ವಾರ್ಷಿಕ ವರದಿಗಳಲ್ಲಿ ಹೊಸ ಕಟ್ಟಡದ ಉದ್ಘಾಟನೆ, ಹೊಸ ಯಂತ್ರದ ಆಶೀರ್ವಾದದ ಚಿತ್ರಗಳಷ್ಟೇ ಇದ್ದರೆ ಸಾಲದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯನ್ನು ಗಮನಿಸಬೇಕು. ದಾದಿಯರು ಮತ್ತು ಆರೋಗ್ಯ ಸಹಾಯಕಿಯರು ಈಗಾಗಲೇ ಪುಸ್ತಕದ ಮೇಲೆ ಪುಸ್ತಕ ಬರೆದು, ಮೊಬೈಲ್ ಫೋನಿನಲ್ಲಿ ಅದನ್ನೇ ಮತ್ತೆ ತುಂಬಿ ಬಸವಳಿದಿದ್ದಾರೆ; ಇನ್ನಷ್ಟು ಲೆಕ್ಕ ಕೇಳಿದರೆ ರೋಗಿಯ ಬಳಿ ನಿಲ್ಲುವವರಾರು ಎಂದು ಅವರು ಕೇಳುತ್ತಾರೆ. ಅವರ ಮಾತು ನಿಜ. ಅದಕ್ಕಾಗಿಯೇ ನಾವು ಹೆಚ್ಚು ಅಂಕಿಗಳನ್ನು ಕೇಳುತ್ತಿಲ್ಲ. ಯಾರೂ ಓದದ ಹತ್ತು ಅಂಕಿಗಳನ್ನು ಬಿಟ್ಟು, ಎಲ್ಲರೂ ಓದಬಲ್ಲ ಐದನ್ನು ಇಡಲಿ ಎನ್ನುತ್ತೇವೆ. ಅಂಕಿ ಕೆಟ್ಟದಾಗಿ ಬಂದಾಗ ಕೆಳಗಿನವರನ್ನು ದಂಡಿಸುವ ಪದ್ಧತಿಯೂ ನಿಲ್ಲಬೇಕು. ದಂಡನೆಯ ಭಯವಿದ್ದಲ್ಲಿ ಸುಳ್ಳು ಲೆಕ್ಕ ಹುಟ್ಟುವುದು ಖಚಿತ.

ಆ ಐದು ಯಾವುವು? ಬಂದ ರೋಗಿ ವೈದ್ಯರನ್ನು ಕಾಣಲು ಸರಾಸರಿ ಎಷ್ಟು ಹೊತ್ತು ಕಾದ; ಚಿಕಿತ್ಸೆ ಮುಗಿಸಿ ಹೋದವರಲ್ಲಿ ಎಷ್ಟು ಮಂದಿ ಅದೇ ತೊಂದರೆಯಿಂದ ತಿಂಗಳೊಳಗೆ ಮರಳಿದರು; ಹಣವಿಲ್ಲದೆ ಅಥವಾ ಬೇಸತ್ತು ನಡುವೆಯೇ ಎಷ್ಟು ಮಂದಿ ಹೊರಟುಹೋದರು; ಬೇರೆಡೆಗೆ ಕಳುಹಿಸಿದವರು ಅಲ್ಲಿಗೆ ತಲುಪಿದರೇ; ಪೂರ್ಣ ಶುಲ್ಕ ಕೊಡಲಾಗದವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ದೊರಕಿತು. ಈ ಐದನ್ನು ವರ್ಷಕ್ಕೊಮ್ಮೆ ಆಸ್ಪತ್ರೆಯ ಹೊರಗಿನ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುವ ಧೈರ್ಯವನ್ನು ನಮ್ಮ ಸಂಸ್ಥೆಗಳು ಮೊದಲು ತೋರಲಿ. ಹಾಗೆ ಮಾಡಿದ ಮೇಲೆ ಸರ್ಕಾರಿ, ಖಾಸಗಿ ಆಸ್ಪತ್ರೆಗಳನ್ನು ಕೇಳುವ ನೈತಿಕ ಬಲ ನಮಗೆ ತಾನಾಗಿ ಬರುತ್ತದೆ.

ಕುಟುಂಬಗಳ ಪಾಲೂ ಇದರಲ್ಲಿದೆ. ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ಚೀಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಬರೆದದ್ದನ್ನು ತಿಳಿಯುವ ಭಾಷೆಯಲ್ಲಿ ಹೇಳಿರೆಂದು ವಿನಯದಿಂದ ಒತ್ತಾಯಿಸಿರಿ. ಶಸ್ತ್ರಚಿಕಿತ್ಸೆ ಏಕೆ ಬೇಕು, ಬೇರೆ ದಾರಿಯಿದೆಯೇ ಎಂದು ಕೇಳಿರಿ. ವಿನ್ಸೆಂಟ್ ದೆ ಪಾಲ್ ಸಭೆಯ ಸದಸ್ಯರೂ ಯುವಜನರೂ ಹಣ್ಣು ಹಂಚಿದ ವಾರ್ಡಿನ ರೋಗಿಗಳಲ್ಲಿ ನಮ್ಮ ಧರ್ಮಕೇಂದ್ರದ ಬಡವರನ್ನು ಗುರುತಿಟ್ಟುಕೊಂಡು, ಜಾತಿ ಮತ ನೋಡದೆ ನೆರೆಯವರನ್ನೂ ಸೇರಿಸಿಕೊಂಡು, ತಿಂಗಳ ನಂತರ ಅವರ ಮನೆಗೆ ಹೋಗಿ ಬರಲಿ. ಮಾತ್ರೆ ಮುಗಿದಿದೆಯೇ, ಮತ್ತೆ ಬರಹೇಳಿದ ದಿನ ಬಸ್ಸಿಗೆ ಹಣವಿದೆಯೇ ಎಂದು ವಿಚಾರಿಸಲಿ. ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿದ ಸಮಾರಿಯದವನು, ಮರಳಿ ಬರುವಾಗ ಉಳಿದ ಖರ್ಚನ್ನು ಕೊಡುವೆನೆಂದು ಹೇಳಿ ಹೋದದ್ದು ನಮಗೆ ನೆನಪಿರಬೇಕು. ಮರಳಿ ಬಂದು ನೋಡುವವರೆಗೂ ಸೇವೆಯ ಲೆಕ್ಕ ಮುಗಿಯುವುದಿಲ್ಲ.